ಫೈನೈಟ್ ಎಲಿಮೆಂಟ್ ಪ್ರೋಗ್ರಾಮ್ ಬರೆಯಲು ಯಾವ ಪುಸ್ತಕ ಓದಬೇಕು?

ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಫೈನೈಟ್ ಎಲಿಮೆಂಟ್ ವಿಧಾನವನ್ನು, ಅಂದರೆ ಒಂದು ರಚನೆಯನ್ನು ನೋಡ್ ಎಂಬ ಬಿಂದುಗಳಲ್ಲಿ ಕೂಡುವ ಸಣ್ಣ ತುಂಡುಗಳಾಗಿ (ಎಲಿಮೆಂಟ್) ಒಡೆದು ಲೆಕ್ಕ ಹಾಕುವ ವಿಧಾನವನ್ನು, ಪಾಠ ಮಾಡುವ ನನ್ನ ಬಳಿಗೆ, ಪ್ರಾಜೆಕ್ಟ್ ಕೆಲಸ ಆರಂಭವಾಗುವ ಹೊತ್ತಿಗೆ, ಕೆಲವು ವಿದ್ಯಾರ್ಥಿಗಳು ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ: “ಸರ್, ಸಾಫ್ಟ್‌ವೇರ್ ನಡೆಸುವುದು ನಮಗೆ ಗೊತ್ತು. ಅದರ ಒಳಗಿನ ಪ್ರೋಗ್ರಾಮನ್ನು ನಾವೇ ಬರೆಯಬೇಕೆಂದರೆ ಯಾವ ಪುಸ್ತಕ ಓದಬೇಕು?” ಪರೀಕ್ಷೆಗೆ ಯಾವ ಪುಸ್ತಕ ಓದಬೇಕೆಂಬ ಪ್ರಶ್ನೆಗೂ ಇದಕ್ಕೂ ಉತ್ತರ ಒಂದೇ ಅಲ್ಲ. ಪ್ರತಿ ವರ್ಷ ಬಾಯಿಮಾತಿನಲ್ಲಿ ಹೇಳುವುದನ್ನು ಈ ಬಾರಿ ಕಾರಣಗಳ ಸಮೇತ ಬರೆದಿಡುತ್ತಿದ್ದೇನೆ.

ಪರೀಕ್ಷೆಯ ಲೆಕ್ಕದಲ್ಲಿ ಎರಡು ಅಥವಾ ಮೂರು ಎಲಿಮೆಂಟ್‌ಗಳಿರುತ್ತವೆ. ಯಾವ ಸಂಖ್ಯೆ ದೊಡ್ಡ ಮ್ಯಾಟ್ರಿಕ್ಸಿನ ಯಾವ ಸಾಲಿಗೆ ಹೋಗಬೇಕೆಂಬುದನ್ನು ಕಣ್ಣಿನಿಂದಲೇ ಗುರುತಿಸಿ ಬರೆಯಬಹುದು. ಎಲಿಮೆಂಟ್‌ಗಳು ಇನ್ನೂರಾದಾಗ ಆ ಕೆಲಸವನ್ನು ಪ್ರೋಗ್ರಾಮೇ ಮಾಡಬೇಕು, ಮತ್ತು ಕಲಿಯುವವರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ ಹೊರತು, ನೋಡುಗಳ ಮೌಲ್ಯಗಳಿಂದ ಎಲಿಮೆಂಟಿನ ಒಳಗಿನ ಮೌಲ್ಯವನ್ನು ಹೇಳುವ ಶೇಪ್ ಫಂಕ್ಷನ್‌ನಲ್ಲಿ ಅಲ್ಲ. ರಾಯಚೂರಿನ ಗಂಜಿನಲ್ಲಿ (ಕೃಷಿ ಮಾರುಕಟ್ಟೆಯಲ್ಲಿ) ಬೇರೆ ಬೇರೆ ಗಾಡಿಗಳಲ್ಲಿ ಬಂದ ಹತ್ತಿಯ ತೂಕವೆಲ್ಲ ಅದದೇ ರೈತನ ಖಾತೆಗೆ ಜಮೆಯಾಗಬೇಕಾದಂತೆ, ಒಂದು ನೋಡನ್ನು ಹಂಚಿಕೊಂಡ ಎಲ್ಲ ಎಲಿಮೆಂಟ್‌ಗಳ ಸ್ಟಿಫ್‌ನೆಸ್ಸೂ (ಬಿಗಿತವೂ) ಆ ನೋಡಿನ ಸ್ಥಾನದಲ್ಲಿಯೇ ಕೂಡುತ್ತ ಹೋಗಬೇಕು. ಆದ್ದರಿಂದ ಪುಸ್ತಕವನ್ನು ನಾನು ಅಳೆಯುವುದು ಹೀಗೆ: ಈ ಜಮೆಯ ಲೆಕ್ಕವನ್ನು, ಅಂದರೆ ನೋಡ್ ಸಂಖ್ಯೆಗಳ ಪಟ್ಟಿ, ಅಸೆಂಬ್ಲಿ (ಹೀಗೆ ಕೂಡಿಸುವ ಕೆಲಸ) ಮತ್ತು ಆಧಾರಗಳನ್ನು ಹೇಳುವ ಬೌಂಡರಿ ಕಂಡಿಶನ್‌ಗಳನ್ನು, ಅದು ಪೂರ್ಣ ಪ್ರೋಗ್ರಾಮಿನ ರೂಪದಲ್ಲಿ ತೋರಿಸುತ್ತದೆಯೋ, ಅಥವಾ “ಇದೇ ರೀತಿ ಉಳಿದ ಎಲಿಮೆಂಟ್‌ಗಳನ್ನೂ ಸೇರಿಸಬೇಕು” ಎಂದು ಹೇಳಿ ಮುಂದಕ್ಕೆ ಹೋಗಿಬಿಡುತ್ತದೆಯೋ?

ಈ ಅಳತೆಗೆ ನಿಲ್ಲುವ, ನಮ್ಮ ವಿದ್ಯಾರ್ಥಿಗಳಿಗೆ ಸುಲಭವಾಗಿ ಸಿಗುವ ಮೊದಲ ಪುಸ್ತಕ ಚಂದ್ರುಪಟ್ಲ ಮತ್ತು ಬೆಲೆಗುಂಡು ಅವರ ‘ಇಂಟ್ರೊಡಕ್ಷನ್ ಟು ಫೈನೈಟ್ ಎಲಿಮೆಂಟ್ಸ್ ಇನ್ ಎಂಜಿನಿಯರಿಂಗ್’. ವಿಟಿಯು ಪಠ್ಯಕ್ರಮದಲ್ಲಿ ಬಹುಕಾಲದಿಂದ ಕಾಣಿಸಿಕೊಳ್ಳುವ ಪುಸ್ತಕವಾದ್ದರಿಂದ ಇದು ಬಹುತೇಕ ಎಲ್ಲ ಕಾಲೇಜು ಗ್ರಂಥಾಲಯಗಳಲ್ಲೂ ಇದೆ. ಆದರೆ ವಿದ್ಯಾರ್ಥಿಗಳು ಅಧ್ಯಾಯದ ಕೊನೆಯ ಲೆಕ್ಕಗಳನ್ನು ಮಾತ್ರ ಬಿಡಿಸಿ, ಅಲ್ಲೇ ಮುದ್ರಿತವಾಗಿರುವ ಪ್ರೋಗ್ರಾಮುಗಳ ಪುಟಗಳನ್ನು ಮಗುಚಿಬಿಡುತ್ತಾರೆ. ಆ ಪುಟಗಳೇ ಈ ಪುಸ್ತಕದ ಸತ್ವ. ಒಂದು ಆಯಾಮದ ಬಾರ್, ಟ್ರಸ್, ಮೂರು ನೋಡಿನ ತ್ರಿಕೋನ, ನಾಲ್ಕು ನೋಡಿನ ಚತುರ್ಭುಜ ಎಂದು ಪ್ರತಿ ಹಂತಕ್ಕೂ ಪ್ರತ್ಯೇಕವಾದ, ಚಿಕ್ಕದಾದ, ಪೂರ್ಣವಾದ ಪ್ರೋಗ್ರಾಮ್ ಇದೆ. ಬೌಂಡರಿ ಕಂಡಿಶನ್‌ಗಾಗಿ ಲೇಖಕರು ಬಳಸುವ ಪೆನಾಲ್ಟಿ ವಿಧಾನ ಹೊಸಬರಿಗೆ ಅನುಕೂಲ: ಮ್ಯಾಟ್ರಿಕ್ಸಿನ ಅತಿ ದೊಡ್ಡ ಸಂಖ್ಯೆಯನ್ನು 10,000ದಿಂದ ಗುಣಿಸಿ, ಬಂದದ್ದನ್ನು ಕಟ್ಟಿಹಾಕಬೇಕಾದ ನೋಡಿನ ಕರ್ಣದ ಸ್ಥಾನಕ್ಕೆ ಕೂಡಿದರೆ ಸಾಕು, ಸಾಲುಗಳನ್ನು ಅಳಿಸುವ, ಮ್ಯಾಟ್ರಿಕ್ಸನ್ನು ಕುಗ್ಗಿಸುವ ಗೊಡವೆಯಿಲ್ಲ. ಆಧಾರದ ರಿಯಾಕ್ಷನ್ (ಎದುರು ಬಲ) ಕೂಡ ಅದೇ ಸಂಖ್ಯೆಯಿಂದ ಒಂದೇ ಗುಣಾಕಾರದಲ್ಲಿ ದೊರೆಯುತ್ತದೆ. ಇದರ ಮಿತಿಯೂ ಇಲ್ಲೇ ಇದೆ. ಬ್ಯಾಂಡ್ ರೂಪದಲ್ಲಿ, ಅಂದರೆ ಕರ್ಣದ ಪಕ್ಕದ ಪಟ್ಟಿಯಷ್ಟನ್ನೇ ಇಟ್ಟು, ಮ್ಯಾಟ್ರಿಕ್ಸನ್ನು ಶೇಖರಿಸುವ ಹಳೆಯ ಪದ್ಧತಿ ಓದಲು ಸ್ವಲ್ಪ ತೊಡಕಾಗುತ್ತದೆ, ಮತ್ತು ಪ್ರತಿ ಎಲಿಮೆಂಟಿಗೂ ಬೇರೆ ಬೇರೆ ಪ್ರೋಗ್ರಾಮ್ ಇರುವುದರಿಂದ ಎಲ್ಲಕ್ಕೂ ಸಮಾನವಾದ ಭಾಗ ಯಾವುದೆಂಬುದು ತಾನಾಗಿ ಹೊಳೆಯುವುದಿಲ್ಲ.

ಆ ಸಮಾನ ಭಾಗವನ್ನು ಕಲಿಸುವ ಪುಸ್ತಕ, ನನ್ನ ದೃಷ್ಟಿಯಲ್ಲಿ ಈ ವಿಷಯದ ಅತ್ಯುತ್ತಮ ಪುಸ್ತಕ, ಸ್ಮಿತ್ ಮತ್ತು ಗ್ರಿಫಿತ್ಸ್ ಅವರ ‘ಪ್ರೋಗ್ರಾಮಿಂಗ್ ದ ಫೈನೈಟ್ ಎಲಿಮೆಂಟ್ ಮೆಥಡ್’. 1982ರಲ್ಲಿ ಸ್ಮಿತ್ ಒಬ್ಬರೇ ಬರೆದ ಪುಸ್ತಕವಾಗಿ ಹೊರಬಂದ ಇದಕ್ಕೆ ನಂತರ ಗ್ರಿಫಿತ್ಸ್ ಜೊತೆಯಾದರು. 2014ರ ಐದನೆಯ ಆವೃತ್ತಿಯಲ್ಲಿ ಮಾರ್ಗೆಟ್ಸ್ ಅವರೂ ಸೇರಿದ್ದಾರೆ. ಇಲ್ಲಿ ಪ್ರತಿಯೊಂದು ಪ್ರೋಗ್ರಾಮೂ ಕೆಲವೇ ಪುಟಗಳದ್ದು, ಏಕೆಂದರೆ ಪದೇ ಪದೇ ಬರುವ ಕೆಲಸಗಳನ್ನೆಲ್ಲ ಸಬ್‌ರುಟೀನ್‌ಗಳ ಒಂದು ಭಂಡಾರಕ್ಕೆ ಸೇರಿಸಲಾಗಿದೆ. ಟ್ರಸ್ಸಿನಿಂದ ಹಿಡಿದು ನೆಲದೊಳಗಿನ ನೀರಿನ ಹರಿವು, ಮಣ್ಣಿನ ಇಳಿಜಾರಿನ ಸ್ಥಿರತೆ, ಕಂಪನ, ಪ್ಯಾರಲಲ್ ಕಂಪ್ಯೂಟರುಗಳವರೆಗೆ ಪುಸ್ತಕ ಸಾಗಿದರೂ ಪ್ರೋಗ್ರಾಮಿನ ಅಸ್ಥಿಪಂಜರ ಬದಲಾಗುವುದಿಲ್ಲ: ನೋಡುಗಳ ಸ್ವಾತಂತ್ರ್ಯಗಳಿಗೆ (ಅವು ಸರಿಯಬಲ್ಲ ದಿಕ್ಕುಗಳಿಗೆ) ಸಂಖ್ಯೆ ಕೊಡುವುದು, ಎಲಿಮೆಂಟುಗಳ ಲೂಪ್, ಅದರೊಳಗೆ ಗಾಸ್ ಬಿಂದುಗಳ (ಇಂಟಿಗ್ರೇಶನ್ ಲೆಕ್ಕ ಹಾಕುವ ಬಿಂದುಗಳ) ಲೂಪ್, ಅಸೆಂಬ್ಲಿ, ಸಮೀಕರಣ ಬಿಡಿಸುವುದು, ಮರಳಿ ಸ್ಟ್ರೆಸ್ ಲೆಕ್ಕ. ಈ ಕ್ರಮ ಒಮ್ಮೆ ಕೈಗೆ ಹತ್ತಿತೆಂದರೆ ಬೇರೆಯವರ ಎಂಥ ಪ್ರೋಗ್ರಾಮನ್ನಾದರೂ ತೆರೆದು ಓದುವ ಧೈರ್ಯ ಬರುತ್ತದೆ. ಫೋರ್ಟ್ರಾನ್ ಭಾಷೆಯೆಂದು ಕೇಳಿ ಹಿಂಜರಿಯುವವರಿಗೆ ಹೇಳುವುದಿಷ್ಟೆ: ಇದರಲ್ಲಿರುವ ಹೊಸ ಫೋರ್ಟ್ರಾನ್ ಮ್ಯಾಟ್ರಿಕ್ಸುಗಳ ಗುಣಾಕಾರವನ್ನು ಗಣಿತದ ಸೂತ್ರಕ್ಕೆ ತೀರ ಹತ್ತಿರವಾಗಿ ಬರೆಯಲು ಬಿಡುತ್ತದೆ, ಮ್ಯಾಟ್‌ಲ್ಯಾಬ್ ಮಾದರಿಯ ಉಚಿತ ಭಾಷೆಯಾದ ಆಕ್ಟೇವ್ ಬಲ್ಲವರಿಗೆ ಅದನ್ನು ಓದುವುದು ಕಷ್ಟವಲ್ಲ. ಪ್ರೋಗ್ರಾಮುಗಳೆಲ್ಲ ಉಚಿತವಾಗಿ ದೊರೆಯುತ್ತವೆ. ನಾನು ವಿದ್ಯಾರ್ಥಿಗಳಿಂದ ಮಾಡಿಸುವುದು ಅವನ್ನು ನಕಲಿಸುವ ಕೆಲಸವನ್ನಲ್ಲ. ಒಂದು ಪ್ರೋಗ್ರಾಮನ್ನು ಪೈಥಾನ್ ಅಥವಾ ಆಕ್ಟೇವ್‌ನಲ್ಲಿ ಹೊಸದಾಗಿ ಬರೆದು, ಎರಡರ ಉತ್ತರವನ್ನೂ ಅಂಕಿಗೆ ಅಂಕಿ ತಾಳೆ ನೋಡುವ ಕೆಲಸವನ್ನು. ಫೋರ್ಟ್ರಾನ್ ಮತ್ತು ಆಕ್ಟೇವ್‌ಗಳಲ್ಲಿ ಎಣಿಕೆ 1ರಿಂದ, ಪೈಥಾನ್‌ನಲ್ಲಿ 0ಯಿಂದ ಶುರುವಾಗುತ್ತದೆ ಎಂಬ ಒಂದು ವ್ಯತ್ಯಾಸವೇ ನೋಡ್ ಪಟ್ಟಿಯ ಬಗ್ಗೆ ಎಷ್ಟೋ ವಿಷಯಗಳನ್ನು ಕಲಿಸಿಬಿಡುತ್ತದೆ.

ಸಿದ್ಧಾಂತದ ಪುಸ್ತಕವೂ ಪಕ್ಕದಲ್ಲಿ ಒಂದಿರಬೇಕು, ಒಂದೇ ಸಾಕು. ನನ್ನ ಆಯ್ಕೆ ಥಾಮಸ್ ಹ್ಯೂಸ್ ಅವರ 1987ರ ಪುಸ್ತಕ. ಡೋವರ್ ಪ್ರಕಾಶನದವರು ಅದನ್ನು 2000ದಲ್ಲಿ ಮರುಮುದ್ರಿಸಿದ್ದರಿಂದ ಬೆಲೆಯೂ ಕೈಗೆಟಕುವಂತಿದೆ. ಮೂಲ ಡಿಫರೆನ್ಶಿಯಲ್ ಸಮೀಕರಣವಾದ ಸ್ಟ್ರಾಂಗ್ ಫಾರ್ಮ್‌ನಿಂದ ಅದರ ಇಂಟಿಗ್ರಲ್ ರೂಪವಾದ ವೀಕ್ ಫಾರ್ಮ್‌ಗೆ, ಅಲ್ಲಿಂದ ಮ್ಯಾಟ್ರಿಕ್ಸಿಗೆ ಬರುವ ದಾರಿಯನ್ನು ಅವರಷ್ಟು ಚೊಕ್ಕವಾಗಿ ತೋರಿಸಿದವರು ಕಡಿಮೆ. ಎಲಿಮೆಂಟಿನ ನೋಡು, ಒಟ್ಟು ನೋಡು, ಸಮೀಕರಣದ ಸಂಖ್ಯೆ ಈ ಮೂರನ್ನೂ ಜೋಡಿಸುವ ಮೂರು ಪಟ್ಟಿಗಳನ್ನು ಅವರು ಆರಂಭದ ಅಧ್ಯಾಯಗಳಲ್ಲಿಯೇ ಪರಿಚಯಿಸುತ್ತಾರೆ. ಬಾಟೆ ಅವರ ‘ಫೈನೈಟ್ ಎಲಿಮೆಂಟ್ ಪ್ರೊಸೀಜರ್ಸ್’ ಇನ್ನೂ ವಿಸ್ತಾರವಾದದ್ದು, ಅದರ ಎರಡನೆಯ ಆವೃತ್ತಿ ಅಂತರ್ಜಾಲದಲ್ಲಿ ಉಚಿತವಾಗಿಯೇ ಓದಲು ಸಿಗುತ್ತದೆ. ಆದರೂ ಅದನ್ನು ಮೊದಲ ಪುಸ್ತಕವಾಗಿ ಕೊಡಲು ನನಗೆ ಮನಸ್ಸಿಲ್ಲ, ಏಕೆಂದರೆ ಅದರ ಗಾತ್ರದ ಮುಂದೆ ಪ್ರೋಗ್ರಾಮ್ ಬರೆಯುವ ಉತ್ಸಾಹ ತಗ್ಗುತ್ತದೆ. ಕೊನೆಯ ಅಧ್ಯಾಯದಲ್ಲಿ ಅವರು ಕೊಟ್ಟಿರುವ ‘ಸ್ಟ್ಯಾಪ್’ ಎಂಬ ಚಿಕ್ಕ ಪ್ರೋಗ್ರಾಮಿನಲ್ಲಿ ಇರುವುದು ಟ್ರಸ್ ಎಲಿಮೆಂಟ್ ಮಾತ್ರ. ಅದಕ್ಕೆ ಚತುರ್ಭುಜ ಎಲಿಮೆಂಟನ್ನು ಸೇರಿಸುವುದು ಎಂ.ಟೆಕ್. ಮಟ್ಟಕ್ಕೆ ಬಹಳ ಒಳ್ಳೆಯ ಅಭ್ಯಾಸ. ನಮ್ಮ ದೇಶದ ಪುಸ್ತಕಗಳಲ್ಲಿ ಮದ್ರಾಸ್ ಐಐಟಿಯ ಸಿ. ಎಸ್. ಕೃಷ್ಣಮೂರ್ತಿಯವರ ‘ಫೈನೈಟ್ ಎಲಿಮೆಂಟ್ ಅನಾಲಿಸಿಸ್: ಥಿಯರಿ ಅಂಡ್ ಪ್ರೋಗ್ರಾಮಿಂಗ್’ ಹೆಸರಿನಲ್ಲಿಯೇ ಪ್ರೋಗ್ರಾಮಿಂಗನ್ನು ಇಟ್ಟುಕೊಂಡಿದೆ, ಸಿವಿಲ್ ವಿಭಾಗದವರು ಗ್ರಂಥಾಲಯದಲ್ಲಿ ಕಂಡರೆ ಬಿಡಬಾರದು. ಜೆ. ಎನ್. ರೆಡ್ಡಿಯವರ ಪುಸ್ತಕ ಶಾಖದ ಹರಿವು, ದ್ರವದ ಹರಿವುಗಳ ಕಡೆಗೆ ಆಸಕ್ತಿಯಿರುವವರಿಗೆ ಒಪ್ಪುತ್ತದೆ.

ಓದುವುದರ ಜೊತೆಗೆ ಯಾವ ಲೆಕ್ಕವನ್ನು ಬಿಡಿಸಬೇಕು ಎಂಬುದೂ ಪುಸ್ತಕದಷ್ಟೇ ಮುಖ್ಯ. ನಮ್ಮ ಭಾಗದವರಿಗೆ ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಕೊಪ್ಪಳ ಜಿಲ್ಲೆಯ ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟೆಯಿದೆ. 2024ರ ಆಗಸ್ಟಿನಲ್ಲಿ ಅದರ 19ನೆಯ ಗೇಟು ಕೊಚ್ಚಿಹೋದ ಮೇಲೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಗೇಟಿನ ಉಕ್ಕಿನ ಹಲಗೆಯ ಲೆಕ್ಕ ಮಾಡಬೇಕೆಂದು ಬಂದರು. ಹಲಗೆಯ ಬಾಗುವಿಕೆ ಎರಡನೆಯ ಹೆಜ್ಜೆ. ಮೊದಲು ಕಟ್ಟೆಯ ಅಡ್ಡಕೊಯ್ತವನ್ನು ತೆಗೆದುಕೊಳ್ಳಿ ಎಂದು ನಾನು ಹೇಳುತ್ತೇನೆ. ಉದ್ದನೆಯ ಕಟ್ಟೆಯಾದ್ದರಿಂದ ಒಂದು ಮೀಟರ್ ಅಗಲದ ಹೋಳನ್ನು ಪ್ಲೇನ್ ಸ್ಟ್ರೇನ್ (ಉದ್ದದ ದಿಕ್ಕಿನಲ್ಲಿ ಹಿಗ್ಗದ, ಕುಗ್ಗದ ಸ್ಥಿತಿ) ಎಂದು ಭಾವಿಸಬಹುದು. ಈ ವಿಧಾನದ ಇತಿಹಾಸವೂ ಇಂಥದೇ ಲೆಕ್ಕವನ್ನು ಹಾದು ಬಂದಿದೆ: 1956ರ ಪ್ರಸಿದ್ಧ ಪ್ರಬಂಧದ ಲೇಖಕರಲ್ಲಿ ಒಬ್ಬರಾದ, 1960ರಲ್ಲಿ ಫೈನೈಟ್ ಎಲಿಮೆಂಟ್ ಎಂಬ ಹೆಸರನ್ನು ಕೊಟ್ಟ ರೇ ಕ್ಲಫ್ ಅವರು, ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ ಬಿರುಕು ಬಿಟ್ಟಿದ್ದ ನಾರ್‌ಫೋರ್ಕ್ ಅಣೆಕಟ್ಟೆಯ ಅಡ್ಡಕೊಯ್ತವನ್ನು ತ್ರಿಕೋನ ಎಲಿಮೆಂಟುಗಳಾಗಿ ಒಡೆದು ಲೆಕ್ಕ ಹಾಕಿ 1962ರಲ್ಲಿ ವರದಿ ಬರೆದರು. ಸಿವಿಲ್ ಎಂಜಿನಿಯರುಗಳು ಈ ವಿಧಾನವನ್ನು ನಂಬಲು ಕಾರಣವಾದ ಆರಂಭದ ಲೆಕ್ಕಗಳಲ್ಲಿ ಅದೂ ಒಂದು.

ಅಭ್ಯಾಸಕ್ಕಾಗಿ ನೀರಿನ ಬದಿಯ ಗೋಡೆ ನೇರವಾಗಿದೆ, ನೀರಿನ ಆಳ 40 ಮೀಟರ್ ಎಂದಿಟ್ಟುಕೊಳ್ಳಿ. ನೀರಿನ ಒಟ್ಟು ತಳ್ಳುಬಲ ಕಟ್ಟೆಯ ಒಂದು ಮೀಟರ್ ಉದ್ದಕ್ಕೆ 9.81ರ ಅರ್ಧವನ್ನು 40ರ ವರ್ಗದಿಂದ ಗುಣಿಸಿದಷ್ಟು, ಅಂದರೆ 7848 ಕಿಲೋನ್ಯೂಟನ್. ಆಳಕ್ಕೆ ತಕ್ಕಂತೆ ಹೆಚ್ಚುವ ಒತ್ತಡವನ್ನು ನೋಡುಗಳಿಗೆ ಸರಿಯಾಗಿ ಹಂಚಿದ್ದರೆ, ಮೆಶ್ (ಎಲಿಮೆಂಟುಗಳ ಜಾಲ) ಎಷ್ಟೇ ಒರಟಾಗಿದ್ದರೂ, ತಳದ ಅಡ್ಡ ರಿಯಾಕ್ಷನ್‌ಗಳ ಮೊತ್ತ ಇಷ್ಟೇ ಬರಬೇಕು. ಬಾರದಿದ್ದರೆ ದೋಷ ಭಾರದ ಹಂಚಿಕೆಯಲ್ಲಿದೆ ಅಥವಾ ಅಸೆಂಬ್ಲಿಯಲ್ಲಿದೆ. ಬಳಿಕ ಮೆಶ್ಶನ್ನು ಸಣ್ಣದು ಮಾಡುತ್ತ ಹೋಗಿ. ಕಟ್ಟೆಯ ನೆತ್ತಿ ಎಷ್ಟು ಸರಿಯುತ್ತದೆಂಬ ಉತ್ತರ ಬೇಗನೆ ಒಂದೆಡೆ ನೆಲೆಸುತ್ತದೆ. ನೀರಿನ ಬದಿಯ ತಳದ ಮೂಲೆಯ ಸ್ಟ್ರೆಸ್ ಮಾತ್ರ ಮೆಶ್ ಸಣ್ಣದಾದಷ್ಟೂ ಏರುತ್ತಲೇ ಹೋಗುತ್ತದೆ, ಏಕೆಂದರೆ ತಳವನ್ನು ಅಲುಗಾಡದಂತೆ ಬಿಗಿದಾಗ ಆ ಮೂಲೆಯಲ್ಲಿ ಎಲಾಸ್ಟಿಸಿಟಿಯ ಸಿದ್ಧಾಂತವೇ ಸ್ಟ್ರೆಸ್ಸನ್ನು ಅನಂತವೆನ್ನುತ್ತದೆ. ಬಣ್ಣದ ಚಿತ್ರದಲ್ಲಿ ಕೆಂಪಾಗಿ ಕಾಣುವ ಅತಿ ದೊಡ್ಡ ಸಂಖ್ಯೆಯನ್ನು ವರದಿಯಲ್ಲಿ ಬರೆದುಬಿಡುವ ರೂಢಿ ಎಷ್ಟು ಅಪಾಯಕಾರಿ ಎಂಬುದು ಸ್ವಂತ ಪ್ರೋಗ್ರಾಮಿನಲ್ಲಿ ಈ ಏರಿಕೆಯನ್ನು ಕಂಡವರಿಗೆ ಬೇಗ ಅರ್ಥವಾಗುತ್ತದೆ.

ಅಣೆಕಟ್ಟೆಗೂ ಮೊದಲು ಎರಡು ಸಣ್ಣ ಪರೀಕ್ಷೆಗಳನ್ನು ಬಿಡಬಾರದು. ಯಾವ ಆಧಾರವೂ ಇಲ್ಲದ, ಪೂರ್ಣ ಇಂಟಿಗ್ರೇಶನ್ನಿನ ಎರಡು ಆಯಾಮದ ಎಲಿಮೆಂಟಿನ ಸ್ಟಿಫ್‌ನೆಸ್ ಮ್ಯಾಟ್ರಿಕ್ಸಿನ ಐಗನ್ ಮೌಲ್ಯಗಳಲ್ಲಿ ಸರಿಯಾಗಿ ಮೂರು ಸೊನ್ನೆಯಾಗಿರಬೇಕು: ಎರಡು ಸರಿದಾಟಕ್ಕೆ, ಒಂದು ತಿರುಗಾಟಕ್ಕೆ. ಎರಡನೆಯದು ಬ್ರೂಸ್ ಐರನ್ಸ್ ರೂಪಿಸಿದ ಪ್ಯಾಚ್ ಟೆಸ್ಟ್. ಅಡ್ಡಾದಿಡ್ಡಿ ಆಕಾರದ ಕೆಲವು ಎಲಿಮೆಂಟುಗಳ ಮೇಲೆ ಏಕರೂಪದ ಸ್ಟ್ರೇನ್ ಹೇರಿದರೆ ಎಲ್ಲ ಎಲಿಮೆಂಟುಗಳಲ್ಲೂ ಅದೇ ಸ್ಟ್ರೇನ್ ಹಿಂದಿರುಗಿ ಬರಬೇಕು. ಇವೆರಡನ್ನೂ ದಾಟಿದ ಎಲಿಮೆಂಟ್ ಕೂಡ ಕ್ಯಾಂಟಿಲಿವರ್ ತೊಲೆಯಲ್ಲಿ ಕಡಿಮೆ ಬಾಗಬಹುದು. ಮೂರು ನೋಡಿನ ತ್ರಿಕೋನ, ಪೂರ್ಣ ಇಂಟಿಗ್ರೇಶನ್ನಿನ ನಾಲ್ಕು ನೋಡಿನ ಚತುರ್ಭುಜ ಎರಡಕ್ಕೂ ಆ ಬಿಗಿತನವಿದೆ. ಸ್ಮಿತ್ ಮತ್ತು ಗ್ರಿಫಿತ್ಸ್ ಎಂಟು ನೋಡಿನ ಎಲಿಮೆಂಟನ್ನು ನಾಲ್ಕೇ ಗಾಸ್ ಬಿಂದುಗಳೊಂದಿಗೆ ಅಷ್ಟು ಧಾರಾಳವಾಗಿ ಏಕೆ ಬಳಸುತ್ತಾರೆಂಬುದು ಈ ತೊಲೆಯ ಲೆಕ್ಕ ಮಾಡಿದ ಮೇಲೆ ತಿಳಿಯುತ್ತದೆ.

ಹಳೆಯ ಪುಸ್ತಕಗಳಲ್ಲಿ ಸಿಗದಿರುವುದು ಇಂದಿನ ಸ್ಪಾರ್ಸ್ ಮ್ಯಾಟ್ರಿಕ್ಸ್ ಬಳಕೆ, ಅಂದರೆ ಸೊನ್ನೆಯಲ್ಲದ ಸಂಖ್ಯೆಗಳನ್ನಷ್ಟೇ ಇಡುವ ರೀತಿ. 10,000 ನೋಡುಗಳ ಎರಡು ಆಯಾಮದ ಮೆಶ್ಶಿಗೆ 20,000 ಸಮೀಕರಣಗಳಾಗುತ್ತವೆ, ಇಡೀ ಮ್ಯಾಟ್ರಿಕ್ಸನ್ನು ತುಂಬಿಟ್ಟರೆ 40 ಕೋಟಿ ಸಂಖ್ಯೆಗಳು, 3.2 ಗಿಗಾಬೈಟ್. ಚತುರ್ಭುಜಗಳ ಕ್ರಮಬದ್ಧ ಮೆಶ್ಶಿನಲ್ಲಿ ಒಂದು ಸಾಲಿನಲ್ಲಿ ಹೆಚ್ಚೆಂದರೆ 18 ಸಂಖ್ಯೆಗಳಷ್ಟೇ ಸೊನ್ನೆಯಲ್ಲದವು, ಒಟ್ಟು ಸುಮಾರು 3.6 ಲಕ್ಷ. ಸಾಲು, ಕಂಬ, ಮೌಲ್ಯ ಎಂಬ ಮೂರು ಪಟ್ಟಿಗಳನ್ನು ಮೊದಲು ಕಟ್ಟಿ ಒಮ್ಮೆಗೇ ಜೋಡಿಸುವ ಈ ರೀತಿಯನ್ನು ಕಲಿಯಲು, ವಸ್ತು ಎಲ್ಲೆಲ್ಲಿ ಇರಬೇಕೆಂದು ಹುಡುಕುವ ಟೋಪಾಲಜಿ ಆಪ್ಟಿಮೈಸೇಶನ್‌ಗಾಗಿ 2011ರಲ್ಲಿ ಪ್ರಕಟವಾದ 88 ಸಾಲುಗಳ ಮ್ಯಾಟ್‌ಲ್ಯಾಬ್ ಪ್ರೋಗ್ರಾಮನ್ನು ಓದಿಸುತ್ತೇನೆ. 1999ರಲ್ಲಿ ಆಲ್ಬರ್ಟಿ, ಕಾರ್ಸ್ಟೆನ್‌ಸೆನ್ ಮತ್ತು ಫುಂಕೆನ್ ಬರೆದ, ಐವತ್ತೇ ಸಾಲುಗಳ ಪ್ರೋಗ್ರಾಮನ್ನು ವಿವರಿಸುವ ಪ್ರಬಂಧವೂ ಪುಸ್ತಕಗಳಷ್ಟೇ ಉಪಯುಕ್ತ.

ಫೆನಿಕ್ಸ್, ಡೀಲ್ ಟೂ ಮುಂತಾದ ಉಚಿತ ಲೈಬ್ರರಿಗಳ ಬಗ್ಗೆಯೂ ಹುಡುಗರು ಕೇಳುತ್ತಾರೆ. ಅವು ಬಲು ಸಮರ್ಥವಾದವು. ಆದರೆ ಫೆನಿಕ್ಸ್‌ನಲ್ಲಿ ವೀಕ್ ಫಾರ್ಮನ್ನು ಬರೆದುಕೊಟ್ಟರೆ ಅಸೆಂಬ್ಲಿ ತೆರೆಯ ಹಿಂದೆ ನಡೆದುಹೋಗುವುದರಿಂದ, ಕಲಿಯಬೇಕಾದದ್ದೇ ಕಣ್ಣಿಗೆ ಬೀಳುವುದಿಲ್ಲ. ಒಮ್ಮೆ ಸ್ವಂತವಾಗಿ ಬರೆದವರು ಆಮೇಲೆ ಅಲ್ಲಿಗೆ ಹೋದರೆ ಅದರ ಪೂರ್ಣ ಲಾಭ ದೊರೆಯುತ್ತದೆ. ಸಿ++ ಬಲ್ಲವರಿಗೆ ಡೀಲ್ ಟೂ ಜೊತೆಗೆ ಬರುವ, ಹಂತಹಂತವಾಗಿ ಬೆಳೆಯುವ ಟ್ಯುಟೋರಿಯಲ್ ಪ್ರೋಗ್ರಾಮುಗಳೇ ಒಂದು ಪಠ್ಯಪುಸ್ತಕ, ಅಲ್ಲಿ ಎಲಿಮೆಂಟುಗಳ ಲೂಪನ್ನು ಬರೆಯಬೇಕಾದವರು ನಾವೇ.

ಲೋಹ ಅಥವಾ ಮಣ್ಣು ಶಾಶ್ವತವಾಗಿ ರೂಪ ಬದಲಿಸುವ ಪ್ಲಾಸ್ಟಿಸಿಟಿಯ ಲೆಕ್ಕಕ್ಕೆ ಹೋಗಬಯಸುವವರಿಗೆ ಓವನ್ ಮತ್ತು ಹಿಂಟನ್ ಅವರ 1980ರ ‘ಫೈನೈಟ್ ಎಲಿಮೆಂಟ್ಸ್ ಇನ್ ಪ್ಲಾಸ್ಟಿಸಿಟಿ’ ಇದೆ. ಫೋರ್ಟ್ರಾನ್ ಹಳೆಯ ಶೈಲಿಯದು, ಆದರೆ ಭಾರವನ್ನು ಕಂತುಕಂತಾಗಿ ಏರಿಸುವುದು, ಪ್ರತಿ ಕಂತಿನಲ್ಲೂ ಸಮತೋಲನ ಸಿಗುವವರೆಗೆ ಮರುಲೆಕ್ಕ ಮಾಡುವುದು ಇವೆಲ್ಲ ಸಾಲುಸಾಲಾಗಿ ಬಿಡಿಸಿಟ್ಟಿವೆ. ಅಣೆಕಟ್ಟೆಯ ಲೆಕ್ಕದಲ್ಲಿ ರಿಯಾಕ್ಷನ್ ಸರಿಬಂದ ಪ್ರೋಗ್ರಾಮ್ ಕೈಯಲ್ಲಿರುವವರು ಆ ಪುಸ್ತಕವನ್ನು ತೆರೆಯಬಹುದು. ಅದಕ್ಕೂ ಮುನ್ನ ಬೇಡ.