ಬಲ್ಬು ಕಟ್ಟಿದ ಜಾಗ

ನನ್ನ ಮೊದಲ ಹಂದಿ ಈದ ರಾತ್ರಿ ಹನ್ನೊಂದು ಮರಿ. ಬೆಳಗ್ಗೆ ಎಣಿಸಿದರೆ ಏಳು.

ರೋಗವೇನೂ ಬಂದಿರಲಿಲ್ಲ. ಚಳಿ ಅಂತ ನಾನೇ ತಾಯಿಯ ಪಕ್ಕದಲ್ಲೇ ಬಲ್ಬು ಇಳಿಬಿಟ್ಟಿದ್ದೆ. ಮರಿಗಳು ಬೆಚ್ಚಗೆ ಅವಳ ಹೊಟ್ಟೆಗೆ ಒತ್ತಿಕೊಂಡು ಮಲಗಿದವು. ಸೆಕೆ ತಡೆಯಲಾರದೆ ಅವಳು ರಾತ್ರಿಯೆಲ್ಲ ಎದ್ದು ಮಲಗಿ ಮಾಡಿದಳು. ನಾಲ್ಕು ಮರಿ ಅವಳ ಮೈಯಡಿ ಸಿಕ್ಕಿ ಸತ್ತವು.

ಆಮೇಲೆ ಗೊತ್ತಾಯಿತು, ಒಂದೇ ಗೂಡಿನಲ್ಲಿ ಎರಡು ಹವಾಮಾನ ಬೇಕು. ತಾಯಿಗೆ 20 ಡಿಗ್ರಿ ಇದ್ದರೆ ಹಿತ, ಹಂದಿಗೆ ನಮ್ಮ ಹಾಗೆ ಬೆವರು ಬರುವುದಿಲ್ಲ. ಆಗ ತಾನೇ ಹುಟ್ಟಿದ ಮರಿಗೆ 32–34 ಬೇಕು. ಈಗ ಒಂದು ಮೂಲೆಗೆ ಅಡ್ಡ ಪೈಪು ಹಾಕಿದ್ದೇನೆ. ಮರಿ ನುಸುಳುತ್ತದೆ, ತಾಯಿ ನುಸುಳಲಾರಳು. ಬಲ್ಬು, ಒಣಹುಲ್ಲು ಎಲ್ಲ ಅಲ್ಲೇ. ಥರ್ಮಾಮೀಟರ್ ಕೂಡ ಇದೆ, ಆದರೆ ನಾನು ನೋಡುವುದು ಮರಿಗಳು ಮಲಗಿರುವ ರೀತಿ. ಒಂದರ ಮೇಲೊಂದು ಗುಡ್ಡೆ ಬಿದ್ದಿದ್ದರೆ ಚಳಿ. ಬಲ್ಬಿನಿಂದ ದೂರ ಗೋಡೆಗೆ ಅಂಟಿಕೊಂಡಿದ್ದರೆ ಸೆಕೆ. ಒಂದರ ಪಕ್ಕ ಒಂದು ಕಾಲು ಚಾಚಿಕೊಂಡಿದ್ದರೆ ನಾನೂ ಹೋಗಿ ಮಲಗಬಹುದು.

ಗಿಣ್ಣುಹಾಲಿನ ವಿಷಯದಲ್ಲಿ ಮಾತ್ರ ತಡ ಮಾಡುವಂತಿಲ್ಲ. ಹೊಟ್ಟೆಯಲ್ಲಿದ್ದಾಗ ಮರಿಗೆ ತಾಯಿಯಿಂದ ರೋಗನಿರೋಧಕ ಶಕ್ತಿ ದಾಟಿ ಬರುವುದಿಲ್ಲ, ಮೊದಲ ದಿನದ ಹಾಲಿನಲ್ಲೇ ಬರಬೇಕು. ಮುಂದಿನ ಮೊಲೆಗಳಲ್ಲಿ ಹಾಲು ಜಾಸ್ತಿ, ಗಟ್ಟಿ ಮರಿಗಳು ಅವನ್ನೇ ಹಿಡಿಯುತ್ತವೆ. ಎರಡು ಮೂರು ದಿನ ಜಗಳ ಆಡಿ ಜಾಗ ಗೊತ್ತು ಮಾಡಿಕೊಂಡರೆ ಮುಗಿಯಿತು, ಆಮೇಲೆ ಬದಲಾಯಿಸುವುದು ಕಡಿಮೆ. ಅದಕ್ಕೇ ಬಡಕಲು ಮರಿಯನ್ನು ಮೊದಲ ದಿನವೇ ನಾನು ಕೈಯಲ್ಲಿ ಹಿಡಿದು ಮುಂದೆ ಕೂರಿಸುತ್ತೇನೆ. ಮೂರನೇ ದಿನ ಕಬ್ಬಿಣದ ಇಂಜೆಕ್ಷನ್. ಮಣ್ಣು ಕೆದಕುವ ಮರಿಗೆ ಅದು ಮಣ್ಣಲ್ಲೂ ಸಿಗುತ್ತದೆ, ಸಿಮೆಂಟು ನೆಲದಲ್ಲಿ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಯಾಕೆ ಅಂದರೆ, ಖರ್ಚಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮೇವಿಗೇ ಹೋಗುತ್ತದೆ. ಗಬ್ಬದ ಸುಮಾರು 114 ದಿನ ತಾಯಿ ತಿನ್ನುವುದು ತಿಂದೇ ತಿನ್ನುತ್ತಾಳೆ. ಏಳು ಮರಿ ಉಳಿದರೂ ಅಷ್ಟೇ, ಹನ್ನೊಂದು ಉಳಿದರೂ ಅಷ್ಟೇ. ಆ ನಾಲ್ಕು ಮರಿಗಳ ಮೇವಿನ ಲೆಕ್ಕ ಹಾಕಿದ ದಿನ ನನಗೆ ಊಟ ಸೇರಲಿಲ್ಲ. ಬೆದೆಯೂ ಹಾಗೇ. ಒಂದು ಸಲ ಗಮನಿಸದೆ ಬಿಟ್ಟರೆ ಮತ್ತೆ 21 ದಿನ ಕಾಯಬೇಕು, ಅಷ್ಟೂ ದಿನ ಸುಮ್ನೆ ಮೇವು ಹಾಕಬೇಕು. ಅದಕ್ಕೆ ಗೋಡೆಗೆ ಕ್ಯಾಲೆಂಡರ್, ಜೇಬಿನಲ್ಲಿ ಪೆನ್ಸಿಲ್.

ಗೇಟಿನ ವಿಷಯದಲ್ಲಿ ನಾನು ಸ್ವಲ್ಪ ಕೆಟ್ಟ ಮನುಷ್ಯ. ತಾನೂ ಹಂದಿ ಸಾಕುವ ಭಾವ ಒಂದು ದಿನ ನೇರ ಒಳಗೆ ಬರಲು ಹೊರಟರು, ಹೊರಗೇ ಮಾತಾಡಿಸಿ ಕಳಿಸಿದೆ. ಬೇಜಾರಾದರು. ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ಬರುವುದಿಲ್ಲ, ನಿಜ. ಆದರೆ ಚಪ್ಪಲಿಯಲ್ಲಿ, ಬಟ್ಟೆಯಲ್ಲಿ, ಹೋಟೆಲಿನ ಎಂಜಲಿನಲ್ಲಿ ಬರುತ್ತದೆ, ಬಂದರೆ ಅದಕ್ಕೆ ಔಷಧಿ ಇಲ್ಲ. ಹೊಸ ಹಂದಿ ತಂದರೂ 30 ದಿನ ದೂರದ ಗೂಡಿನಲ್ಲೇ ಇಡುತ್ತೇನೆ.

ಕಳೆದ ಸಲ ಅದೇ ತಾಯಿ ಹನ್ನೆರಡು ಹಾಕಿದಳು. ಹಾಲು ಬಿಡಿಸುವಾಗ ಹನ್ನೊಂದು ಇದ್ದವು. ಉಳಿದ ಒಂದರ ಮುಂದೆ ಪುಸ್ತಕದಲ್ಲಿ ಬರೆದಿದ್ದೇನೆ: ಹುಟ್ಟುವಾಗಲೇ ಉಸಿರಿರಲಿಲ್ಲ.