5,540 ಕಿಲೋಮೀಟರಿಗೆ ಎಂಟು ಗಂಟೆ ಯಾಕೆ?

ಲಂಡನ್ನಿನ ಹೀಥ್ರೂನಿಂದ ನ್ಯೂಯಾರ್ಕಿನ ಜೆಎಫ್‌ಕೆಗೆ 5,540 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಎಂದುಕೊಂಡರೆ ಆರು ಗಂಟೆ ಹತ್ತು ನಿಮಿಷ ಸಾಕು. ಟಿಕೆಟ್ಟಿನಲ್ಲಿ ಮಾತ್ರ ಹೋಗುವಾಗ ಸುಮಾರು ಎಂಟು ಗಂಟೆ, ಬರುವಾಗ ಸುಮಾರು ಏಳು.

ಮೊದಲು ದೂರ. ಎರಡೂ ಊರಿನ ಅಕ್ಷಾಂಶಗಳ (51.47, 40.64) ಸೈನ್‌ಗಳನ್ನು ಗುಣಿಸಿ. ಅವೇ ಅಕ್ಷಾಂಶಗಳ ಕೊಸೈನ್‌ಗಳನ್ನು ರೇಖಾಂಶಗಳ ಅಂತರದ (73.33) ಕೊಸೈನ್ ಜೊತೆ ಗುಣಿಸಿ, ಎರಡನ್ನೂ ಕೂಡಿ. ಬರುವುದು 0.645. ಆ ಕೊಸೈನ್ ಇರುವ ಕೋನ 49.83 ಡಿಗ್ರಿ, ಡಿಗ್ರಿಗೆ 111.19 ಕಿ.ಮೀ. ಗುಣಿಸಿದರೆ 5,540. ಇದೇ ಗ್ರೇಟ್ ಸರ್ಕಲ್ ದೂರ, ಅಂದರೆ ಭೂಮಿಯ ಮೇಲ್ಮೈಯಲ್ಲಿ ಎರಡು ಊರುಗಳ ನಡುವಿನ ಅತಿ ಹತ್ತಿರದ ಗೆರೆ. ಭೂಮಿ ಪೂರ್ತಿ ಗುಂಡಗಿಲ್ಲ ನಿಜ, ಆದರೆ ಅದರಿಂದಾಗುವ ತಪ್ಪು ಹೆಚ್ಚೆಂದರೆ ಶೇ. 0.5ರ ಆಸುಪಾಸು. ಜನ ಎಡವುವುದು ಬೇರೆ ಕಡೆ: 51 ಡಿಗ್ರಿ 28 ನಿಮಿಷವನ್ನು 51.28 ಎಂದು ಬರೆದುಬಿಡುತ್ತಾರೆ (60 ನಿಮಿಷಕ್ಕೆ ಒಂದು ಡಿಗ್ರಿ, ಹಾಗಾಗಿ ಅದು 51.47), ಅಷ್ಟಕ್ಕೇ ಊರು ಸುಮಾರು 20 ಕಿ.ಮೀ. ದಕ್ಷಿಣಕ್ಕೆ ಸರಿಯುತ್ತದೆ. ನಾಟಿಕಲ್ ಮೈಲಿಯನ್ನು ಮಾಮೂಲಿ ಮೈಲಿ ಎಂದುಕೊಳ್ಳುವುದು ಇನ್ನೊಂದು. ನಾಟಿಕಲ್ ಮೈಲಿ 1.852 ಕಿ.ಮೀ., ಮಾಮೂಲಿಯದು 1.609.

ಈ ಗೆರೆಯ ಮೇಲೇ ವಿಮಾನ ಹಾರುತ್ತದೆಂದೇನೂ ಇಲ್ಲ. ನಿಗದಿತ ಮಾರ್ಗ, ಇಳಿಯುವಾಗಿನ ಸುತ್ತು ಎಂದು ಶೇ. 3 ಸೇರಿಸಿ, 5,700 ಇಟ್ಟುಕೊಳ್ಳಿ. ವಾಯುಪ್ರದೇಶ ಮುಚ್ಚಿದರೆ ಈ ಲೆಕ್ಕವೂ ಕೆಡುತ್ತದೆ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಹೆಲ್ಸಿಂಕಿ–ಟೋಕಿಯೋ ಹಾರಾಟ ಸುಮಾರು ಒಂಬತ್ತೂವರೆ ಗಂಟೆಯಿಂದ ಹದಿಮೂರಕ್ಕೆ ಏರಿತು. ಊರುಗಳ ನಡುವಿನ ದೂರ ಒಂದು ಮೀಟರೂ ಬದಲಾಗಿರಲಿಲ್ಲ.

ಆಟವೆಲ್ಲ ಇರುವುದು ಗಾಳಿಯಲ್ಲಿ. ಜೆಟ್ ಸ್ಟ್ರೀಮ್, ಅಂದರೆ ವಿಮಾನಗಳು ಹಾರುವ ಎತ್ತರದಲ್ಲಿನ ಜೋರು ಗಾಳಿ, ಬೀಸುವುದು ಪಶ್ಚಿಮದಿಂದ ಪೂರ್ವಕ್ಕೆ. ನ್ಯೂಯಾರ್ಕಿಗೆ ಹೋಗುವಾಗ 100 ಕಿ.ಮೀ. ಎದುರುಗಾಳಿ ಇದ್ದರೆ ನೆಲದ ಲೆಕ್ಕದ ವೇಗ 800: ಏಳು ಗಂಟೆ ಎಂಟು ನಿಮಿಷ. ಬರುವಾಗ ಅದೇ ಗಾಳಿ ಬೆನ್ನಿಗಿದ್ದರೆ 1,000: ಐದು ಗಂಟೆ 42 ನಿಮಿಷ. ಹೋಗುವಾಗ ಕಳೆದುಕೊಂಡಿದ್ದನ್ನು ಬರುವಾಗ ಗಳಿಸಿಕೊಳ್ಳಬಹುದು ಎಂಬ ನಂಬಿಕೆ ತಪ್ಪು. ನಿಧಾನವಾಗಿ ಹಾರುವಾಗ ಗಾಳಿಯಲ್ಲಿ ಕಳೆಯುವ ಹೊತ್ತೇ ಹೆಚ್ಚು, ಹಾಗಾಗಿ ಒಟ್ಟಿನಲ್ಲಿ ನಷ್ಟವೇ. 2020ರ ಫೆಬ್ರವರಿಯಲ್ಲಿ ಚಂಡಮಾರುತದ ಗಾಳಿ ಬೆನ್ನಿಗೆ ಸಿಕ್ಕ ಬ್ರಿಟಿಷ್ ಏರ್‌ವೇಸ್‌ನ 747 ಒಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ಅದನ್ನು ನಂಬಿ ಮುಂದಿನ ರೈಲು ಬುಕ್ ಮಾಡಬೇಡಿ.

ಏರುವಾಗ, ಇಳಿಯುವಾಗ ವೇಗ ಕಡಿಮೆ ಇರುವುದಕ್ಕೆ ಅರ್ಧ ಗಂಟೆ, ನೆಲದ ಮೇಲಿನ ಓಡಾಟಕ್ಕೆ ಇನ್ನರ್ಧ ಸೇರಿಸಿ. ಟಿಕೆಟ್ಟಿನ ಸಮಯ ಗೇಟ್ ಬಿಟ್ಟಾಗಿನಿಂದ ಗೇಟ್ ಸೇರುವವರೆಗಿನದು. ಅಲ್ಲಿಗೆ ಹೋಗಲು 8:08, ಬರಲು 6:42. ತಡವಾದರೂ ವೇಳಾಪಟ್ಟಿ ತಪ್ಪದಿರಲೆಂದು ವಿಮಾನ ಕಂಪನಿಗಳು ಇದರ ಮೇಲೂ ಒಂದಷ್ಟು ನಿಮಿಷ ಸೇರಿಸುವುದುಂಟು.

ಇನ್ನು ಟಿಕೆಟ್ಟಿನ ಗಡಿಯಾರಗಳು ಆಯಾ ಊರಿನವು. ನ್ಯೂಯಾರ್ಕ್ ಲಂಡನ್ನಿಗಿಂತ ಐದು ಗಂಟೆ ಹಿಂದೆ. ಲಂಡನ್ 10:00, ನ್ಯೂಯಾರ್ಕ್ 13:00 ಎಂದಿದ್ದರೆ ಮೂರಕ್ಕೆ ಐದು ಕೂಡಿಸಿ, ಎಂಟು. ಆದರೆ ಅಮೆರಿಕ ಗಡಿಯಾರ ಮುಂದಿಡುವುದು ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಐದರ ಬದಲು ನಾಲ್ಕು ಕೂಡಿಸಬೇಕು. ಅಕ್ಟೋಬರ್ ಕೊನೆಯ ಭಾನುವಾರದಿಂದ ಒಂದು ವಾರವೂ ಹೀಗೇ.