104 ಮಿಲಿಮೀಟರು

ಆ ಹಳೆಯ ಕವಾಸಾಕಿ ಕೆಎಕ್ಸ್250ಎಫ್ ಮೋಟೋಕ್ರಾಸ್ ಬೈಕು ನಮ್ಮ ಗ್ಯಾರೇಜಿಗೆ ಬಂದಾಗ ಇಂಜಿನ್ ನೋಡುವುದಕ್ಕೇ ಒಂದೂವರೆ ದಿನ ಕೊಟ್ಟಿದ್ದೆ. ಪಿಸ್ಟನ್ ಬದಲಿಸಿದೆ, ವಾಲ್ವ್ ಕ್ಲಿಯರೆನ್ಸ್ ಸರಿಪಡಿಸಿದೆ, ಫಿಲ್ಟರಿನ ಸ್ಪಂಜಿಗೆ ಹೊಸದಾಗಿ ಎಣ್ಣೆ ಹಿಡಿಸಿದೆ. ಹಿಂದಿನ ಗಾಲಿಯ ಸ್ಪ್ರಿಂಗಿಗೆ ಕೊಟ್ಟದ್ದು ಹತ್ತೇ ನಿಮಿಷ.

ಮಾರಿದವನು ಸಣಕಲು ಹುಡುಗ. ಕೊಂಡವನು ಬೂಟು, ಹೆಲ್ಮೆಟ್ ಸೇರಿ 92 ಕಿಲೋ. ಅವನು ಕುಳಿತರೆ ಹಿಂಬದಿ 130 ಮಿಲಿಮೀಟರು ಕುಸಿಯುತ್ತಿತ್ತು. ಸ್ಪ್ರಿಂಗನ್ನು ಅದುಮುವ ಪ್ರಿಲೋಡ್ ರಿಂಗನ್ನು ತಿರುಗಿಸುತ್ತಾ ಹೋದೆ. ಅವನು ಕುಳಿತಾಗಿನ ಕುಸಿತ ಟೇಪಿನಲ್ಲಿ 104ಕ್ಕೆ ಬಂದಾಗ, ಅಳತೆ ಸರಿಹೋಯಿತೆಂದು ನೆಮ್ಮದಿಯಾಯಿತು. ರಿಂಗ್ ಮೊದಲು ಕುಳಿತಿದ್ದ ಜಾಗದಲ್ಲಿ ಥ್ರೆಡ್ ಫಳಫಳ ಹೊಳೆಯುತ್ತಿತ್ತು, ಅಲ್ಲಿಂದ ಅದು ಸಾಕಷ್ಟು ಕೆಳಗೆ ಇಳಿದಿತ್ತು. ಅದನ್ನು ಕಣ್ಣಾರೆ ಕಂಡೂ ಫ್ರೀ ಸ್ಯಾಗ್, ಅಂದರೆ ಸವಾರನಿಲ್ಲದೆ ಗಾಡಿ ತನ್ನ ಭಾರಕ್ಕೇ ಎಷ್ಟು ಕುಸಿಯುತ್ತದೆ ಎಂಬುದನ್ನು, ಅಳೆಯಲಿಲ್ಲ. ಸಂಜೆಯೊಳಗೆ ಡೆಲಿವರಿ ಆಗಬೇಕೆಂದು ಗ್ಯಾರೇಜಿನ ಮಾಲೀಕರು ಮೂರು ಸಲ ಫೋನು ಮಾಡಿದ್ದರು.

ಮರುದಿನ ಟ್ರ್ಯಾಕಿನಲ್ಲಿ ಮೊದಲ ಎರಡು ಸುತ್ತು ಚೆನ್ನಾಗಿಯೇ ಹೋದವು. ಗಾಡಿಯ ಎಳೆತ ನೋಡಿ ನನಗೇ ಹೆಮ್ಮೆಯೆನಿಸಿತು. ಎಡ ತಿರುವಿಗೆ ಮುಂಚೆ, ಎಲ್ಲರೂ ಬ್ರೇಕ್ ಹಿಡಿಯುವ ಜಾಗದಲ್ಲಿ ನೆಲವೆಲ್ಲ ಅಲೆ ಅಲೆಯಾಗಿ ಉಬ್ಬಿತ್ತು. ಮೂರನೇ ಸುತ್ತಿನಲ್ಲಿ ಅಲ್ಲಿ ಹಿಂದಿನ ಗಾಲಿ ನೆಲ ಬಿಟ್ಟು ಪಕ್ಕಕ್ಕೆ ಸರಿಯಿತು. ಕೈ ಬೀಸಿ ಕರೆದೆ. ‘ಅಣ್ಣಾ, ಹಿಂದಿನಿಂದ ಯಾರೋ ಒದ್ದ ಹಾಗಾಗುತ್ತಿದೆ’ ಎಂದ. ರಿಬೌಂಡ್, ಅಂದರೆ ಅದುಮಿದ ಸ್ಪ್ರಿಂಗ್ ಮತ್ತೆ ಚಿಮ್ಮುವ ವೇಗ, ಜಾಸ್ತಿಯಾಗಿದೆ ಎಂದುಕೊಂಡು ಸ್ಕ್ರೂಡ್ರೈವರಿನಿಂದ ಎರಡು ಕ್ಲಿಕ್ ಬಿಗಿ ಮಾಡಿ ಕಳುಹಿಸಿದೆ. ಮೊದಲೇ ನೆಲ ಮುಟ್ಟಲು ತಿಣುಕುತ್ತಿದ್ದ ಗಾಲಿಯನ್ನು ಇನ್ನಷ್ಟು ನಿಧಾನ ಮಾಡಿದ್ದೆ.

ಅದೇ ತಿರುವು. ಧೂಳೆದ್ದಿತು. ಇಂಜಿನ್ ಒಮ್ಮೆ ಕಿರುಚಿ ನಿಂತುಹೋಯಿತು. ಓಡಿದೆ. ಆ ಐವತ್ತು ಅಡಿ ಓಡುವಷ್ಟರಲ್ಲಿ ಅವನು ಏಳಲಿಲ್ಲ. ಹತ್ತಿರ ಹೋದಾಗ ಎದ್ದು ಕುಳಿತು, ಎಡ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ನನ್ನ ಮುಖ ನೋಡಿದ. ಮೂಳೆ ಬಿರುಕು ಬಿಟ್ಟಿತ್ತು.

ರಾತ್ರಿ ಗ್ಯಾರೇಜಿನಲ್ಲಿ ಒಬ್ಬನೇ ಅಳೆದೆ. ಫ್ರೀ ಸ್ಯಾಗ್ 12. ಇರಬೇಕಾದದ್ದು 30ರಿಂದ 40. ಮೆದು ಸ್ಪ್ರಿಂಗನ್ನು ಅಷ್ಟು ಅದುಮಿಟ್ಟರೆ ಸವಾರನಿಲ್ಲದ ಗಾಡಿಯನ್ನು ಅದು ಪೂರ್ತಿ ಮೇಲಕ್ಕೆ ಎತ್ತಿ ನಿಲ್ಲಿಸುತ್ತದೆ. ಬ್ರೇಕ್ ಹಿಡಿದು ಭಾರ ಮುಂದಕ್ಕೆ ಹೋದಾಗ, ತಗ್ಗಿಗೆ ಇಳಿಯಲು ಗಾಲಿಗೆ ಜಾಗವೇ ಉಳಿದಿರುವುದಿಲ್ಲ. ಹಿಂಬದಿ ಎತ್ತರವಾಗಿ ನಿಂತದ್ದನ್ನು ನೋಡಿದವರಿಗೆ ಸ್ಪ್ರಿಂಗ್ ಗಟ್ಟಿಯಿದೆ ಎನಿಸುತ್ತದೆ. ವಿಷಯ ಅದಕ್ಕೆ ತದ್ವಿರುದ್ಧ. ಅವನ ತೂಕಕ್ಕೆ ಬೇಕಾದ ಗಟ್ಟಿ ಸ್ಪ್ರಿಂಗನ್ನು ನನ್ನ ಸಂಬಳದಿಂದಲೇ ತರಿಸಿ ಹಾಕಿದೆ.

ನಮ್ಮ ಜಾಬ್ ಕಾರ್ಡಿನಲ್ಲಿ ವಾಷಿಂಗಿಗೊಂದು ಕಾಲಂ ಇದೆ, ಪಾಲಿಶಿಗೊಂದಿದೆ. ಸ್ಯಾಗಿಗೆ ಇಲ್ಲ. ಸೇರಿಸಿ ಎಂದು ಮಾಲೀಕರಿಗೆ ಎರಡು ಸಲ ಹೇಳಿದೆ, ‘ಮುಂದಿನ ಪ್ರಿಂಟಿಗೆ ನೋಡೋಣ’ ಎಂದರು. ಅಲ್ಲಿಯವರೆಗೆ ಅಂಚಿನಲ್ಲಿ ಕೆಂಪು ಶಾಯಿಯಿಂದ ಎರಡೂ ಅಳತೆ, ಸವಾರ ಕುಳಿತಾಗಿನದು, ಆಮೇಲೆ ಸವಾರನಿಲ್ಲದ್ದು, ಬರೆಯುತ್ತಿದ್ದೇನೆ. ಎರಡನೆಯದನ್ನು ಬರೆಯುವ ತನಕ, ಫೋನು ಎಷ್ಟು ಸಲ ಬಂದರೂ, ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸುವುದಿಲ್ಲ.